ಮಾತು ನಿಲ್ಲಿಸದೆ ನಡೆದ ಹತ್ತು ಮೈಲಿ

ನಲವತ್ಮೂರನೇ ಇಸವಿ. ದೂರದಲ್ಲೆಲ್ಲೋ ಯುದ್ಧ ನಡೆಯುತ್ತಿತ್ತು. ನಮ್ಮ ಕಡೆ ಸೀಮೆಎಣ್ಣೆಗೂ ಬಟ್ಟೆಗೂ ಪರದಾಟ. ಬಸ್ಸುಗಳೂ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ನಾನು ಮದುವೆಯಾಗಿ ನುಗ್ಗೇಹಳ್ಳಿ ಹತ್ತಿರದ ಹಳ್ಳಿಗೆ ಬಂದು ಒಂದು ವರ್ಷವಾಗಿತ್ತು. ನನಗಾಗ ಹದಿನೆಂಟು.

ನನ್ನ ತವರು ಕೊಣನೂರು. ಹೊಳೆ ದಡದ ಊರು, ಸಂತೆಯ ಊರು. ಅಲ್ಲಿಯ ಹೆಣ್ಣುಮಕ್ಕಳಿಗೆ ಬಾಯಿ ಜಾಸ್ತಿ ಅಂತ ಹೆಸರು, ನಾನು ಆ ಹೆಸರಿಗೆ ಎಂದೂ ಕಳಂಕ ತಂದವಳಲ್ಲ. ಗಂಡನ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ ಬಿತ್ತು. ಅತ್ತೆಯ ಎದುರು ಗಂಡನ ಜೊತೆ ಮಾತಾಡುವಂತಿಲ್ಲ, ಅವರು ಒಳಗೆ ಬಂದರೆ ಬಾಗಿಲ ಮರೆಗೆ ಸರಿಯಬೇಕು, ಅವರ ಹೆಸರಂತೂ ನಾಲಿಗೆ ಮೇಲೆ ಬರಲೇಬಾರದು. ಆಗ ಎಲ್ಲರ ಮನೆಯಲ್ಲೂ ಅದೇ ಪದ್ಧತಿ. ನನ್ನ ಯಜಮಾನರೋ ಮೊದಲೇ ಮಾತು ಕಮ್ಮಿ. ಎತ್ತುಗಳ ಜೊತೆ ಆಡುತ್ತಿದ್ದಷ್ಟು ಮಾತನ್ನು ಅವರು ನನ್ನ ಜೊತೆ ಆ ಒಂದು ವರ್ಷದಲ್ಲಿ ಆಡಿರಲಿಲ್ಲ. ಈ ಮನುಷ್ಯನಿಗೆ ನಾನು ಬೇಡವೇನೋ ಅಂತ ಹಿತ್ತಿಲಲ್ಲಿ ಕೂತು ಅತ್ತದ್ದೂ ಉಂಟು.

ಆ ಸೀಮೆಯಲ್ಲಿ ತೆಂಗು ಅಂದರೆ ಕೊಬ್ಬರಿ. ಕಾಯಿ ಮರದಲ್ಲೇ ಬಲಿಯಬೇಕು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಎಳನೀರು ಕೀಳುವುದು ಅತ್ತೆಯ ಕಣ್ಣಿಗೆ ಪಾಪದ ಕೆಲಸ. ಜ್ವರ ಬಂದವರಿಗೆ ಒಂದು, ಅಷ್ಟೇ. ಒಂದು ಸಂಜೆ ನಾನು ಬಾವಿಯ ಹತ್ತಿರ ಪಕ್ಕದ ಮನೆಯವಳಿಗೆ, "ಇಷ್ಟು ಮರ ಇಟ್ಕಂಡೂ ಒಂದು ಎಳ್ನೀರು ಕುಡಿಯೋ ಪುಣ್ಯ ಇಲ್ಲ ನೋಡು ನಂಗೆ" ಅಂದೆ. ಸುಮ್ಮನೆ ಅಂದದ್ದು. ಯಜಮಾನರು ಆಚೆ ಬದಿಯಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದರು.

ಮಾರನೇ ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಬಾವಿ ಕಡೆಯಿಂದ ಧೊಪ್ಪೆಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಯಜಮಾನರು ತೆಂಗಿನ ಮರದ ಬುಡದಲ್ಲಿ ಅಂಗಾತ ಬಿದ್ದಿದ್ದಾರೆ. ಪಕ್ಕದಲ್ಲಿ ಎರಡು ಎಳನೀರು. ಅವರು ಯಾಕೆ ಮರ ಹತ್ತಿದರು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಏನನ್ನಿಸಿತೋ, ಮೊದಲು ಒಂದು ಒಣ ಗರಿ ಎಳೆದು ಆ ಎಳನೀರುಗಳ ಮೇಲೆ ಮುಚ್ಚಿದೆ. ಕೂಗಿಕೊಂಡದ್ದು ಆಮೇಲೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತೆ ಓಡಿ ಬಂದರು. ಅವರು ವಿಧವೆ, ಇದ್ದ ಒಬ್ಬನೇ ಮಗ ಇವರು. "ಏನಾಯ್ತಲಾ ಮಗ? ಯಾಕಲಾ ಮರ ಅತ್ತಿದ್ದೆ?"

"ಒಣಗರಿ ನೇತಾಡ್ತಿತ್ತು ಕಣವ್ವ, ಕೀಳಾನಾಂತ ಅತ್ದೆ" ಅಂದರು ಯಜಮಾನರು. ಕಣ್ಣು ಮಾತ್ರ ನನ್ನ ಕಡೆ ಇತ್ತು. "ಅವ್ವ, ಸ್ವಂಟದಿಂದ ಕೆಳಕ್ಕೆ ಜೋಮು ಹಿಡ್ದಂಗೈತೆ."

ಅಷ್ಟರಲ್ಲಿ ಊರೇ ಸೇರಿತು. ನಮ್ಮಲ್ಲಿ ಯಾರಾದರೂ ಬಿದ್ದರೆ ಮೊದಲು ಮಾಡುವುದು ಒಂದೇ, ಎತ್ತಿ ಕೂರಿಸಿ ನೀರು ಕುಡಿಸುವುದು. ಇಬ್ಬರು ಅವರ ಕಂಕುಳಿಗೆ ಕೈ ಹಾಕಿದರು. ಇನ್ನೊಬ್ಬ ಗಾಡಿ ಕಟ್ಟಲು ಓಡಿದ.

"ಎತ್ತಬೇಡಿ! ಕೈ ತೆಗೀರಿ!" ಅಂತ ಯಾರೋ ಹಿಂದಿನಿಂದ ಕಿರುಚಿದರು.

ನೋಡಿದರೆ ಪದ್ಮರಾಜಯ್ಯನವರು. ಶ್ರವಣಬೆಳಗೊಳದ ಜೈನರು, ತಿಂಗಳಿಗೊಮ್ಮೆ ಸೈಕಲ್ಲಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ನಮ್ಮ ಕಡೆಯ ಹಳ್ಳಿಗಳಿಗೆ ಮಾರಲು ಬರುತ್ತಿದ್ದವರು. ಎಂದೂ ದನಿ ಎತ್ತಿ ಮಾತಾಡಿದವರಲ್ಲ. ಸೈಕಲ್ಲನ್ನು ಅಲ್ಲೇ ಕೆಡವಿ ಬಂದು ಯಜಮಾನರ ಕಾಲ ಹತ್ತಿರ ಕೂತರು. "ಹೆಬ್ಬೆರಳು ಆಡಿಸಪ್ಪಾ, ನೋಡೋಣ."

ಬಲಗಾಲು ಸುಮ್ಮನಿತ್ತು. ಎಡಗಾಲಿನ ಹೆಬ್ಬೆರಳು ಒಂಚೂರು ಅಲುಗಿತು.

ಅವರು ಅತ್ತೆಗೆ ಕೈ ಮುಗಿದರು. "ತಾಯಿ, ನಮ್ಮಣ್ಣ ಬೆಟ್ಟದ ಮೆಟ್ಟಿಲ ಮೇಲೆ ಜಾರಿ ಹೀಗೇ ಬಿದ್ದ. ಬಿದ್ದಾಗ ಅವನ ಬೆರಳೂ ಹೀಗೇ ಆಡ್ತಿತ್ತು. ಡೋಲೀಲಿ ಕೂರಿಸಿಕೊಂಡು ಇಳಿಸಿದ್ವಿ. ಕೆಳಗೆ ಬಂದು ನೋಡಿದ್ರೆ ಆಡಲಿಲ್ಲ. ಬೆನ್ನೊಳಗೆ ಒಂದು ಹುರಿ ಇದೆಯಂತೆ, ಮೂಳೆ ಮುರಿದಾಗ ಕೂರಿಸಿದ್ರೆ ಅದು ತುಂಡಾಗಿಹೋಗುತ್ತಂತೆ. ಆಮೇಲೆ ಡಾಕ್ಟರು ಹೇಳಿದ್ರು. ಹನ್ನೊಂದು ವರ್ಷದಿಂದ ಅವನು ಹಾಸಿಗೇಲಿದ್ದಾನೆ. ಅವನನ್ನ ಎತ್ತಿ ಕೂರಿಸಿದ್ದು ನಾನೇ ತಾಯಿ."

ಕಂಕುಳಿಗೆ ಕೈ ಹಾಕಿದ್ದವರು ಹಿಂದೆ ಸರಿದರು. ಅಲ್ಲಾಡಿಸದೆ ಹಲಗೆ ಮೇಲೆ ಮಲಗಿಸಿ, ಹೆಗಲ ಮೇಲೆ ಹೊತ್ತು ಚನ್ನರಾಯಪಟ್ಟಣಕ್ಕೆ ಒಯ್ಯಬೇಕು, ಗಾಡಿಯ ಕುಲುಕಾಟ ಕೂಡದು ಅಂದರು ಪದ್ಮರಾಜಯ್ಯನವರು. ಆಗ ಅತ್ತೆ ಎದ್ದು ನಿಂತರು.

"ಆಗಾಕಿಲ್ಲ ಸ್ವಾಮಿ. ಜೀವ ಇರೋ ಮಗನ್ನ ಅಂಗಾತ ಮನಗ್ಸಿ ನಾಕ್ ಜನ ಎಗಲ್ ಮ್ಯಾಲೆ ಒತ್ಕಂಡು ಊರ್ ಬಾಗ್ಲು ದಾಟ್ಸಾಕೆ ನಾನ್ ಬಿಡಾಕಿಲ್ಲ. ಇವರಪ್ಪನ್ನ ಅಂಗೆ ಕಳಿಸ್ಕೊಟ್ಟಿವ್ನಿ. ಕುರ್ಚೀಲಿ ಕೂರ್ಸಿ, ಗಾಡೀಲಿ ಕೂರ್ಸಿ. ಇದೊಂದು ಬ್ಯಾಡ."

ಇದು ಮೂಢನಂಬಿಕೆ ಅಂತ ನಗುವವರು ನಗಲಿ. ಆ ಊರಿನಲ್ಲಿ ಹಾಗೆ ಹೊರಟವರು ಯಾರೂ ವಾಪಸ್ಸು ಬಂದಿರಲಿಲ್ಲ. ಪದ್ಮರಾಜಯ್ಯನವರು ಬೆವರು ಒರೆಸಿಕೊಂಡರು. "ಹೆಣ ಮಾತಾಡೋದಿಲ್ಲ ಅಲ್ವಾ ತಾಯಿ? ನಿಮ್ಮ ಮಗ ದಾರಿಯುದ್ದಕ್ಕೂ ಮಾತಾಡ್ತಾನೇ ಹೋಗಲಿ. ಜೀವಂತ ಇದ್ದಾನೆ ಅಂತ ದೇವರಿಗೂ ಜನಕ್ಕೂ ಗೊತ್ತಾಗಲಿ" ಅಂದರು.

ಅತ್ತೆ ಮಗನ ಮುಖ ನೋಡಿದರು, ಕಾಲಿನ ಬೆರಳು ನೋಡಿದರು. "ಆಗ್ಲಿ. ಮಾತು ನಿಂತ್ರೆ ಅಲ್ಲೇ ಇಳಿಸ್ಬುಡ್ಬೇಕು" ಅಂದರು. ಆದರೆ ಈ ಮೌನಿಯನ್ನು ಹತ್ತು ಮೈಲಿ ಮಾತಾಡಿಸುವವರು ಯಾರು? ಅತ್ತೆ ನನ್ನ ಕಡೆ ತಿರುಗಿದರು. "ಲೇ ಪುಟ್ಟಿ, ಸೆರಗ್ ಕಟ್ಕಂಡು ಬಾ. ನೀನ್ ಮಾತಾಡ್ಸು."

ಕೊಟ್ಟಿಗೆಯ ಕದ ಕಳಚಿ ತಂದರು. ಆರು ಜನ ಒಟ್ಟಿಗೆ, ಬೆನ್ನು ಎಲ್ಲೂ ಬಾಗದ ಹಾಗೆ, ಕೊರಡು ಉರುಳಿಸುವಂತೆ ಉರುಳಿಸಿ ಅವರನ್ನು ಅದರ ಮೇಲೆ ಮಲಗಿಸಿದರು. ಪದ್ಮರಾಜಯ್ಯನವರು ಗಂಟು ಬಿಚ್ಚಿ ಹೊಸ ಸೀರೆಗಳನ್ನು ಸುರುಳಿ ಸುತ್ತಿ ತಲೆಯ ಎರಡೂ ಕಡೆಗೆ ಇಟ್ಟರು. ಇನ್ನೆರಡು ಸೀರೆ ಪರ್‍ರನೆ ಹರಿದು ಎದೆಗೂ ತೊಡೆಗೂ ಕಟ್ಟಿದರು. ಒಂದು ಗಜ ಬಟ್ಟೆಗೆ ಜನ ಕಾದು ನಿಲ್ಲುತ್ತಿದ್ದ ದಿನಗಳು ಅವು.

ಹೊರಟೆವು. ಅತ್ತೆ ಒಂದು ಕಡೆ, ನಾನು ಒಂದು ಕಡೆ. ಮಾತಾಡು ಅಂದಾಗ ನನಗೆ ಮಾತೇ ಹೊರಡಲಿಲ್ಲ. ಕೊನೆಗೆ, "ಕರಿ ಎತ್ತಿನ ಕೊಂಬು ಯಾಕೆ ಸೊಟ್ಟ?" ಅಂತ ಕೇಳಿದೆ.

"ಊಂ" ಅಂದರು ಯಜಮಾನರು.

"ಊಂ ಅನ್ನೋದು ಮಾತಲ್ಲಪ್ಪಾ" ಅಂದರು ಹಿಂದಿನಿಂದ ಪದ್ಮರಾಜಯ್ಯನವರು.

"ಉಟ್ಟಿದ್ದೇ ಅಂಗೆ" ಅಂದರು ಯಜಮಾನರು. ಹೊತ್ತವರು ನಕ್ಕುಬಿಟ್ಟರು. ಅಲ್ಲಿಂದ ನನ್ನ ಬಾಯಿಯ ಬೀಗ ಒಡೆಯಿತು. ಕೊಣನೂರಿನ ಸಂತೆ, ಹೊಳೆ ತುಂಬಿ ಬಂದದ್ದು, ನಾಲ್ಕನೇ ಕ್ಲಾಸಿನಲ್ಲಿ ನಾನು ಮೇಷ್ಟ್ರ ಬೆತ್ತ ಬಚ್ಚಿಟ್ಟದ್ದು, ಎಲ್ಲ ಹೇಳಿದೆ. ನಡುನಡುವೆ ಪ್ರಶ್ನೆ ಕೇಳಿದೆ. ಅವರು ಉತ್ತರ ಹೇಳಲೇಬೇಕಿತ್ತಲ್ಲ. ನಾನು ಮಾಡುವ ಸಾರಿಗೆ ಉಪ್ಪು ಕಮ್ಮಿ, ಆದರೂ ಹೇಳಿದರೆ ನಾನು ಅಳುತ್ತೇನೆ ಅಂತ ವರ್ಷದಿಂದ ಸುಮ್ಮನಿದ್ದರಂತೆ. ನಾನು ಬಾವಿಯ ಹತ್ತಿರ ಹಾಡಿಕೊಳ್ಳುತ್ತಿದ್ದರೆ ಎತ್ತಿಗೆ ನೀರು ಕುಡಿಸುವುದನ್ನು ಬೇಕಂತಲೇ ನಿಧಾನ ಮಾಡುತ್ತಿದ್ದರಂತೆ. ಇದನ್ನೆಲ್ಲ ಅತ್ತೆಯ ಮುಂದೆ, ಎಂಟು ಗಂಡಸರ ಮುಂದೆ, ಆಕಾಶ ನೋಡುತ್ತಾ ಹೇಳಿದರು. ನನಗೆ ನಾಚಿಕೆ, ಭಯ, ಸಂತೋಷ ಎಲ್ಲ ಒಟ್ಟಿಗೆ ಬಂದವು.

ಹೆಗಲು ಬದಲಿಸಿದಾಗಲೆಲ್ಲ ಪದ್ಮರಾಜಯ್ಯನವರು ಬೆರಳು ಆಡಿಸು ಅನ್ನುತ್ತಿದ್ದರು. ಎಡಗಾಲಿನದು ಆಡುತ್ತಿತ್ತು. ಒಂದೂರಿನ ಹತ್ತಿರ ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು, ಪಾಪ, ಬಿಂದಿಗೆ ಇಳಿಸಿ ಪಕ್ಕಕ್ಕೆ ಸರಿದು ಕೈ ಮುಗಿದು ನಿಂತಳು. ಯಜಮಾನರು ಮಲಗಿದಲ್ಲಿಂದಲೇ, "ಅಕ್ಕಾ, ಒಂದೀಟು ನೀರ್ ಕೊಡಕ್ಕಾ" ಅಂದರು. ಅವಳು ಬಿಂದಿಗೆ ಬಿಟ್ಟು ಒಂದೇ ಓಟ! ಅಂಥ ಹೊತ್ತಿನಲ್ಲೂ ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆ ನೀರಿನಲ್ಲೇ ಬಟ್ಟೆ ಅದ್ದಿ ಅವರ ತುಟಿ ಒದ್ದೆ ಮಾಡಿದೆವು.

ಚನ್ನರಾಯಪಟ್ಟಣ ಇನ್ನು ಎರಡು ಮೈಲಿ ಇದ್ದಾಗ ಬಿಸಿಲು ಏರಿತ್ತು. ನಾನು ಏನೋ ಕೇಳಿದೆ, ಉತ್ತರ ಬರಲಿಲ್ಲ. ಇನ್ನೊಂದು ಸಲ ಕೇಳಿದೆ. ಇಲ್ಲ. ಕಣ್ಣು ಮುಚ್ಚಿತ್ತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಇಳಿಸ್ರಪ್ಪಾ! ಎತ್ತಿ ಕೂರ್ಸಿ ನನ್ ಮಗನ್ನ!" ಅಂತ ಅತ್ತೆ ಕೂಗಿದರು. ಹೊತ್ತವರು ನಿಂತೇಬಿಟ್ಟರು, ಒಬ್ಬ ಹೆಗಲು ತಗ್ಗಿಸಿದ. ಪದ್ಮರಾಜಯ್ಯನವರು "ಬೇಡ, ಬೇಡ" ಅಂತ ಕದವನ್ನು ಹಿಡಿದುಕೊಂಡರು. ಎಡಗಾಲಿನ ಆ ಒಂದು ಬೆರಳು ಬಿಟ್ಟರೆ ನನಗೆ ಬೇರೇನೂ ಕಾಣಲಿಲ್ಲ. ಈಗ ಕೂರಿಸಿದರೆ ಅದೂ ಹೋಗುತ್ತದೆ. ನಾನು ಅವರ ಕಿವಿಯ ಹತ್ತಿರ ಬಾಗಿ, ಇದ್ದ ಶಕ್ತಿಯನ್ನೆಲ್ಲ ಸೇರಿಸಿ, ಹೆಸರು ಹಿಡಿದು ಕೂಗಿದೆ. ಅತ್ತೆಯ ಎದುರಿನಲ್ಲೇ, ನಡುರಸ್ತೆಯಲ್ಲಿ.

ಯಜಮಾನರು ಒಂದು ಕಣ್ಣು ತೆರೆದರು. "ಯಾರೇ ಅದು, ನನ್ನೆಸ್ರು ಇಡ್ದು ಕೂಗಿದ್ದು?" ಅಂದರು.

"ನಾನೇ" ಅಂದೆ.

"ಊಂ" ಅಂದರು. ಈ ಸಲ ಅದು ಮಾತಲ್ಲ ಅಂತ ಯಾರೂ ಹೇಳಲಿಲ್ಲ.

ಚನ್ನರಾಯಪಟ್ಟಣದಿಂದ ತೆಂಗಿನ ನಾರು ತುಂಬಿದ ಲಾರಿಯೊಂದರ ಮೇಲೆ, ಕದದ ಸಮೇತ, ಹಾಸನಕ್ಕೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಡಾಕ್ಟರು ಅಂಗಾಲಿನ ಮೇಲೆ ಬೀಗದ ಕೈ ಗೀರಿ, ಸೂಜಿ ಚುಚ್ಚಿ, ಬೆನ್ನು ಒತ್ತಿ ನೋಡಿದರು. "ಬೆನ್ನುಮೂಳೆ ಒಂದು ಕಡೆ ಜಜ್ಜಿದೆ. ಒಳಗಿನ ಹುರಿ ನಲುಗಿದೆ, ತುಂಡಾಗಿಲ್ಲ. ಅದಕ್ಕೆ ಚಾಕು ಹಾಕುವ ಕೈ ನನ್ನದಲ್ಲಮ್ಮ. ಅಲ್ಲಾಡದ ಹಾಗೆ ಮಲಗಿಸೋದೇ ಔಷಧಿ" ಅಂದರು. ಆಮೇಲೆ ಕದವನ್ನು ತಟ್ಟಿ, "ಇದರ ಮೇಲೆ ತಂದದ್ದು ಯಾರ ಬುದ್ಧಿ? ಕೂರಿಸಿಕೊಂಡು ತಂದಿದ್ದರೆ ಈ ಬೆರಳು ಆಡ್ತಿರಲಿಲ್ಲ" ಅಂದರು. ನಾವು ತಿರುಗಿ ನೋಡಿದರೆ ಪದ್ಮರಾಜಯ್ಯನವರು ಹೊರಗೆ ಜಗಲಿಯ ಮೇಲೆ ಗೋಡೆಗೆ ಒರಗಿ ನಿದ್ದೆ ಹೋಗಿಬಿಟ್ಟಿದ್ದರು.

ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿದರು. ಅತ್ತೆ ಅದನ್ನು ಗಾರೆ ಅನ್ನುತ್ತಿದ್ದರು. ಹಲಗೆಯ ಮಂಚ. ಎರಡೆರಡು ಗಂಟೆಗೊಮ್ಮೆ ನಾನು, ಅತ್ತೆ, ನರ್ಸಮ್ಮ ಮೂವರೂ ಒಂದೇ ಎಣಿಕೆಗೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಹಾಗೆ ಮೂರು ತಿಂಗಳು. ಎರಡನೇ ತಿಂಗಳಲ್ಲಿ ಬಲಗಾಲಿನ ಬೆರಳೂ ಆಡಿತು. ಆ ವಾರ ಪದ್ಮರಾಜಯ್ಯನವರು ಬಂದರು. ಮಂಚದ ಕೆಳತುದಿಯಲ್ಲಿ ನಿಂತು, ಎರಡೂ ಬೆರಳು ಆಡುವುದನ್ನು ನೋಡಿದರು. ತಮಗಿಂತ ಚಿಕ್ಕವರಾದ ಯಜಮಾನರ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟರು. "ನಮ್ಮಣ್ಣನಿಗೆ ಹೋಗಿ ಹೇಳ್ತೀನಿ" ಅಂದರು. ಅಷ್ಟೇ ಅಂದದ್ದು.

ನನ್ನೊಳಗೆ ಮಾತ್ರ ಆ ಎಳನೀರು ಕೊರೆಯುತ್ತಲೇ ಇತ್ತು. ಯಜಮಾನರು ಕೋಲು ಹಿಡಿದು ಮೊದಲ ನಾಲ್ಕು ಹೆಜ್ಜೆ ಇಟ್ಟ ದಿನ ನನ್ನಿಂದ ತಡೆಯಲಾಗಲಿಲ್ಲ. ಆಸ್ಪತ್ರೆಯ ಬಾವಿಕಟ್ಟೆಯ ಹತ್ತಿರ ಅತ್ತೆಯ ಕಾಲು ಹಿಡಿದೆ. "ಅತ್ತೆಮ್ಮ, ಅವರು ಗರಿ ಕೀಳೋಕೆ ಹತ್ತಿರಲಿಲ್ಲ. ನಾನು ಎಳ್ನೀರು ಅಂದಿದ್ದೆ. ನಂಗೋಸ್ಕರ ಹತ್ತಿದ್ದು."

ಅತ್ತೆ ಬಟ್ಟೆ ಹಿಂಡುತ್ತಲೇ ಇದ್ದರು. "ನಂಗೊತ್ತು ಕಣೆ. ಗರಿ ಕೆಳಗೆ ಇಣುಕ್ತಿತ್ತಲ್ಲ, ಅವತ್ತೇ ಕಂಡಿದ್ದೆ."

"ಮತ್ತೆ ನನ್ನ ಒಂದು ಮಾತೂ ಬೈಲಿಲ್ವಲ್ಲ ಅತ್ತೆಮ್ಮ?"

"ಬೈದಿದ್ರೆ ನೀನು ಮಾತು ನಿಲ್ಲಿಸ್ಬುಡ್ತಿದ್ದೆ" ಅಂದರು. "ನೀನು ನಿಲ್ಲಿಸಿದ್ರೆ ಅವ್ನೂ ನಿಲ್ಲಿಸ್ಬುಡ್ತಿದ್ದ."

ಯಜಮಾನರು ಎಡಗೈಯಲ್ಲಿ ಕೋಲು ಹಿಡಿದು, ಬಲಗಾಲು ಸ್ವಲ್ಪ ಎಳೆಯುತ್ತಾ, ಮುಂದೆ ನಲವತ್ತೈದು ವರ್ಷ ತೋಟ ಸುತ್ತಿದರು. ಆ ಕದ ಕೊಟ್ಟಿಗೆಗೆ ವಾಪಸ್ಸು ಹೋಯಿತು. ಅತ್ತೆ ಬದುಕಿರುವವರೆಗೂ ನಾವಿಬ್ಬರೂ ಅವರ ಎದುರಿನಲ್ಲೇ ಮಾತಾಡುತ್ತಿದ್ದೆವು. ಊರಿನವರು ಏನೇನೋ ಅಂದರು, ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಸಿಗೆಯಲ್ಲಿ ನನಗೊಂದು ಎಳನೀರು ಕೀಳಿಸಿ, ತಾವೇ ಕೆತ್ತಿ ಕೊಡುತ್ತಿದ್ದರು.

ಕಡೆಗೆ ಒಂದು ದಿನ ಯಜಮಾನರನ್ನು ನಾಲ್ಕು ಜನ ನಿಜವಾಗಿ ಹೊತ್ತರು. ಹೆಂಗಸರು ಊರ ಬಾಗಿಲು ದಾಟಿ ಹೋಗುವಂತಿಲ್ಲ. ಅಲ್ಲಿಯವರೆಗೆ ನಾನು ಪಕ್ಕದಲ್ಲೇ ಮಾತಾಡುತ್ತಾ ನಡೆದೆ. ಕರಿ ಎತ್ತಿನ ಕೊಂಬಿನ ಮಾತನ್ನೇ ಆಡಿದೆ. ಮಗ ನನ್ನ ತೋಳು ಹಿಡಿಯಲು ಬಂದ, ನಾನು ಬಿಡಿಸಿಕೊಂಡೆ. ಊರ ಬಾಗಿಲಲ್ಲಿ ನಿಂತು ಇನ್ನೊಂದು ಸಲ ಹೆಸರು ಹಿಡಿದು ಕೂಗಿದೆ. ನನ್ನ ಜನ್ಮದಲ್ಲಿ ಅವರ ಹೆಸರನ್ನು ಕರೆದದ್ದು ಆ ಎರಡೇ ಸಲ. ಮೊದಲನೇ ಸಲ ಅವರು ಓಗೊಟ್ಟಿದ್ದರು. ನನಗೆ ಅಷ್ಟು ಸಾಕು.