ತಟ್ಟಿ ನೋಡಿದೆ, ಹೇಳಲಿಲ್ಲ

2022ರ ಮಾರ್ಚ್ ತಿಂಗಳು. ಕಾರವಾರದಿಂದ ಸೇತುವೆ ದಾಟಿದರೆ ಸಿಗುವ ಸದಾಶಿವಗಡದಲ್ಲಿ, ಕಾಳಿ ನದಿಯ ದಡಕ್ಕೆ ತಾಗಿ ನನ್ನ ಫೈಬರ್ ದೋಣಿ ರಿಪೇರಿಯ ಶೆಡ್ಡು. ಆ ಹೊತ್ತಿಗೆ ಈ ಕೆಲಸದಲ್ಲಿ ನನಗೆ ಇಪ್ಪತ್ತೆರಡು ವರ್ಷ. ಮೀನುಗಾರರ ಮನೆಯಲ್ಲಿ ಹುಟ್ಟಿದರೂ ಬಲೆಗೆ ಹೋಗದೆ ಐಟಿಐ ಮುಗಿಸಿ, ಗೋವೆಯ ಒಂದು ಯಾರ್ಡಿನಲ್ಲಿ ದೋಣಿ ಕೆಲಸ ಕಲಿತು ಬಂದವನು ನಾನು. ಊರಿನವರು ಪಾಂಡು ಮೇಸ್ತ್ರಿ ಅನ್ನುತ್ತಾರೆ. ಕೆಲಸ ಚೊಕ್ಕ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ. ಆ ಸಿಟ್ಟು ಒಮ್ಮೆ ಏನು ಮಾಡಿತು ಎಂಬುದನ್ನು ಬರೆಯಲು ಕೂತಿದ್ದೇನೆ.

ಫೈಬರ್ ದೋಣಿಯ ಬಗ್ಗೆ ತಿಳಿಯದವರಿಗೆ ಎರಡು ಮಾತು ಹೇಳಬೇಕು. ಗಾಜಿನ ನೂಲಿನ ಚಾಪೆಯನ್ನು ಪದರ ಪದರವಾಗಿ ಹಾಸಿ, ಮೇಲೆ ರೆಸಿನ್ ಎಂಬ ಜೇನುತುಪ್ಪದಂಥ ಅಂಟು ಬಳಿಯುತ್ತೇವೆ. ರೆಸಿನ್ ತಾನಾಗಿ ಗಟ್ಟಿಯಾಗುವುದಿಲ್ಲ, ಹಾರ್ಡನರ್ ಬೆರೆಸಬೇಕು. ಒಂದು ಕಿಲೋಗೆ ಹತ್ತರಿಂದ ಇಪ್ಪತ್ತು ಮಿಲಿ, ಬಿಸಿಲು ಮೋಡ ನೋಡಿಕೊಂಡು. ಜಾಸ್ತಿಯಾದರೆ ಡಬ್ಬಿಯಲ್ಲೇ ಹೊಗೆ ಎದ್ದು ಕಲ್ಲಾಗುತ್ತದೆ. ಕಡಿಮೆಯಾದರೆ ನಾಲ್ಕು ದಿನ ಕಳೆದರೂ ಬೆರಳಿಗೆ ಅಂಟುತ್ತದೆ. ನಾವು ಹಾರ್ಡನರನ್ನು ಬಾಟಲಿಯ ಮುಚ್ಚಳದಲ್ಲೇ ಅಳೆಯುತ್ತೇವೆ. ಕೈಗೆ ಅಂದಾಜು ಕೂತಿರುತ್ತದೆ.

ಆ ಮುಚ್ಚಳದಿಂದಲೇ ಎಲ್ಲ ಶುರುವಾಯಿತು. ಅಂಕೋಲೆಯ ನಾಯಕ ಮಾಸ್ತರು ಒಂದು ಬೆಳಿಗ್ಗೆ ಶೆಡ್ಡಿಗೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಗೋವೆಯಲ್ಲಿ ಯಾರೋ ಮಾರಲಿಟ್ಟಿದ್ದ ಹದಿನಾರು ಅಡಿಯ ಹಳೆಯ ಫೈಬರ್ ಹಾಯಿದೋಣಿಯನ್ನು ಕೊಂಡು, ಟೆಂಪೋದಲ್ಲಿ ಹೇರಿ ತಂದು, ಮನೆಯ ಅಂಗಳದಲ್ಲಿ ಇಟ್ಟಿದ್ದರು. ರಿಪೇರಿ ಪೂರ್ತಿ ತಾವೇ ಮಾಡುವ ಹಟ. ಇಂಟರ್‌ನೆಟ್‌ನಿಂದ ತೆಗೆದ ನಲವತ್ತು ಪುಟದ ಪ್ರಿಂಟು ಕಂಕುಳಲ್ಲಿತ್ತು. ನಾನು ಆಗ ಒಂದು ಮೀನುಗಾರಿಕೆ ದೋಣಿಗೆ ರೆಸಿನ್ ಕಲಸುತ್ತಿದ್ದೆ. ಮಾಸ್ತರು ಕನ್ನಡಕ ಏರಿಸಿ ನೋಡಿದರು.

"ಏನ್ ಮೇಸ್ತ್ರಿ, ಹಾರ್ಡನರ್ ಮುಚ್ಚಳದಾಗೆ ಅಳೀತ್ರಿ? ಇದು ಕೆಲ್ಸ ಅಲ್ಲ, ಅಂದಾಜು. ನನ್ನ ಒಂಬತ್ತನೇ ಇಯತ್ತೆ ಹುಡುಗ್ರು ಇದ್ಕಿಂತ ಚಲೋ ಮಾಡ್ತಿದ್ರು."

ನನ್ನ ಕೆಲಸದವನು ದಾಮೋದರ ಕಿಸಕ್ಕನೆ ನಕ್ಕ. ಮಾಸ್ತರ ಮಾತಿಗಿಂತ ಆ ನಗು ಚುಚ್ಚಿತು. ಇಪ್ಪತ್ತೆರಡು ವರ್ಷದ ಕೈಕೆಲಸವನ್ನು ನನ್ನದೇ ಶೆಡ್ಡಿನಲ್ಲಿ ನಿಂತು ಅಂದಾಜು ಅನ್ನುವುದು ಅಂದರೆ! ಮಾಸ್ತರಿಗೆ ತಾವು ಏನಾದರೂ ಅಂದೆವು ಎಂಬ ಅರಿವೇ ಇರಲಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ತಪ್ಪು ತಿದ್ದಿದ ನಾಲಿಗೆ ಅದು. ಹೊರಡುವಾಗ ಪ್ರೀತಿಯಿಂದಲೇ, "ಭಾನುವಾರ ಒಂದ್ಸಲ ಬಂದು ದೋಣಿ ನೋಡಿ ಹೋಗಿ. ಕೆಲ್ಸ ನಾನೇ ಮಾಡ್ಕಂತೆ, ನೀವು ನೋಡಿದ್ರೆ ಒಂದು ಧೈರ್ಯ" ಅಂದರು.

ಹೋದೆ. ಅಂಗಳದಲ್ಲಿ ಮಾವಿನ ಮರದ ಕೆಳಗೆ ದೋಣಿ ಬೋರಲು ಬಿದ್ದಿತ್ತು. ತಳದಲ್ಲಿ ಎರಡು ಅಡಿ ಉದ್ದದ ಬಿರುಕು. ಮಾಸ್ತರ ಹೆಂಡತಿ ಸುಮಿತ್ರಾ ಅಕ್ಕೋರು ಮುರುಗಲು ಪಾನಕ ತಂದುಕೊಟ್ಟರು. ಅವರು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರಾಗಿ, ನಿವೃತ್ತರಾದವರು. ದೋಣಿಯ ಹುಚ್ಚು ಮಾಸ್ತರಿಗಿಂತ ಅವರಿಗೇ ಒಂದು ಕೈ ಹೆಚ್ಚು. "ಮದ್ವೆಯಾಗಿ ಮೂವತ್ನಾಲ್ಕು ವರ್ಷ ಸಮುದ್ರ ನೋಡ್ಕಂತ ಪೇಪರ್ ತಿದ್ದಿದ್ದೇ ಆಯ್ತು ಮೇಸ್ತ್ರಿ. ಇನ್ನಾದ್ರೂ ಅದ್ರ ಮೇಲೆ ಹೋಗೂದು" ಅಂದು ನಕ್ಕರು.

ದೋಣಿಯನ್ನು ಮಗುಚಿ ನಿಲ್ಲಿಸಿದ ಮೇಲೆ ನಾನು ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ತಟ್ಟುತ್ತಾ ಹೋದೆ. ನಮ್ಮ ಪರೀಕ್ಷೆ ಇದೇ. ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವುದಿಲ್ಲವೇ, ಹಾಗೆ. ಒಳಗೆ ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಕೊಳೆತಿದ್ದರೆ ಬದ್ ಅನ್ನುತ್ತದೆ. ಹಾಯಿದೋಣಿಯ ಕಂಬವನ್ನು ನಿಲ್ಲಿಸುವುದು ಮೂರು ಉಕ್ಕಿನ ತಂತಿಗಳು, ಮುಂದೆ ಒಂದು, ಎಡಕ್ಕೆ ಬಲಕ್ಕೆ ಒಂದೊಂದು. ತಂತಿಯ ಕೆಳತುದಿ ದೋಣಿಯ ಅಂಚಿಗೆ ಬೋಲ್ಟ್ ಹಾಕಿದ ಉಕ್ಕಿನ ಪಟ್ಟಿಗೆ ಸೇರಿರುತ್ತದೆ. ಚೈನ್‌ಪ್ಲೇಟ್ ಎಂದು ಅದರ ಹೆಸರು. ಪಟ್ಟಿಯ ಹಿಂದೆ, ಫೈಬರ್ ಪದರಗಳ ನಡುವೆ ಒಂದು ಪ್ಲೈವುಡ್ ತುಂಡು ಹುದುಗಿರುತ್ತದೆ. ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದರೆ ಆ ಪ್ಲೈವುಡ್ ಒಳಗೇ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಥಳಥಳ.

ಎಡಗಡೆಯ ಪಟ್ಟಿಯ ಸುತ್ತ ಟಣ್ ಅಂದಿತು. ಬಲಗಡೆ ಬದ್ ಅಂದಿತು. ಇನ್ನೊಮ್ಮೆ ತಟ್ಟಿದೆ. ಸಂಶಯವೇ ಇರಲಿಲ್ಲ.

"ಹೆಂಗದೆ ಮೇಸ್ತ್ರಿ?" ಮಾಸ್ತರು ಪ್ರಿಂಟಿನ ಪುಟ ತಿರುವುತ್ತಾ ಕೇಳಿದರು.

"ತಳದ ಬಿರುಕು ನೋಡ್ಕಳಿ. ಉಳಿದದ್ದು ಅಡ್ಡಿಲ್ಲ" ಅಂದೆ.

ಹೌದು, ಹಾಗೇ ಅಂದೆ. ನಾಣ್ಯ ಜೇಬಿಗೆ ಹಾಕಿಕೊಂಡೆ. ನಲವತ್ತು ಪುಟ ಓದಿದ್ದಾರಲ್ಲ, ಇದು ಯಾವ ಪುಟದಲ್ಲಿ ಸಿಗುತ್ತದೋ ನೋಡೋಣ ಅನ್ನುವ ಕೊಂಕು ಮನಸ್ಸಿನಲ್ಲಿತ್ತು. ಅವರಿಗೆ ಕೇಡು ಮಾಡುವ ಯೋಚನೆ ಖಂಡಿತ ಇರಲಿಲ್ಲ. ಕೆಲಸವೆಲ್ಲ ಮುಗಿದು ಅವರು ಮೀಸೆ ತಿರುವುವ ದಿನ ದಾಮೋದರನನ್ನೂ ಕರೆದುಕೊಂಡು ಹೋಗಿ, ಎಲ್ಲರೆದುರು ಅಲ್ಲಿ ತಟ್ಟಿ, "ಮಾಸ್ತರೇ, ಇದು ಅಂದಾಜಾ?" ಎಂದು ಕೇಳಬೇಕು ಅಂತಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನು ನಾಲ್ಕು ಸಲ ಒಳಗೊಳಗೇ ಆಡಿ ಖುಷಿಪಟ್ಟಿದ್ದೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಆಮೇಲೆ ನಾನು ಎಣಿಸದ ಒಂದು ಸಂಗತಿ ಆಯಿತು. ಮಾಸ್ತರು ದಿನಾ ಫೋನ್ ಮಾಡತೊಡಗಿದರು. ಬಿರುಕಿನ ಸುತ್ತ ಎಷ್ಟು ಅಗಲ ಉಜ್ಜಬೇಕು, ಮೊದಲ ಪದರಕ್ಕೆ ಎಷ್ಟು ತೆಳು ಚಾಪೆ, ಇಬ್ಬನಿ ಇದ್ದರೆ ಕೆಲಸ ಮಾಡಬಹುದೋ. ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಏಪ್ರಿಲ್ ಕೊನೆಗೆ ಹೋಗಿ ನೋಡಿದೆ. ಐದು ಪದರ, ಒಂದು ಗಾಳಿಗುಳ್ಳೆ ಇಲ್ಲ, ಅಂಚು ಎಲ್ಲಿ ಶುರು ಎಲ್ಲಿ ಮುಗಿಯಿತು ಎಂದು ಬೆರಳಿಗೆ ತಿಳಿಯದಂತೆ ಉಜ್ಜಿದ್ದರು. ನನ್ನ ಶೆಡ್ಡಿನಲ್ಲೂ ಅಂಥ ಪ್ಯಾಚು ವರ್ಷಕ್ಕೆ ಒಂದೆರಡು ಬಿದ್ದರೆ ಹೆಚ್ಚು. "ಮಾಸ್ತರೇ, ಕೈಮುಗೀಬೇಕು ನಿಮಗೆ" ಅಂದೆ, ಮನಸಾರೆ ಅಂದೆ. ಅವರು ಚಿಕ್ಕ ಹುಡುಗನಂತೆ ನಾಚಿದರು. ಮೇ ತಿಂಗಳಲ್ಲಿ ಒಂದು ಬುಟ್ಟಿ ಕರಿ ಇಶಾಡು ಮಾವಿನಹಣ್ಣು ಹೊತ್ತು ಬಸ್ಸು ಹತ್ತಿ ಶೆಡ್ಡಿಗೆ ಬಂದರು. ಮುಚ್ಚಳದ ವಿಷಯಕ್ಕೆ, "ಆ ದಿನ ನಾನು ಹಾಗೆ ಅನ್ನಬಾರದಿತ್ತು ಮೇಸ್ತ್ರಿ" ಎಂದು ದಾಮೋದರನೆದುರೇ ಹೇಳಿದರು.

ಅಲ್ಲಿಗೆ ನನ್ನ ಸಿಟ್ಟು ನೀರಾಗಿತ್ತು. ಆದರೆ ಮಾತು ಇನ್ನೂ ಬಿಗಿಯಾಗಿ ಸಿಕ್ಕಿಬಿತ್ತು. ಈಗ ಬಲಗಡೆ ಕೊಳೆತಿದೆ ಅಂದರೆ, ಮಾರ್ಚಿನಲ್ಲಿ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಏನು ಹೇಳುವುದು? ನೀವು ನಗೆಪಾಟಲು ಮಾಡಿದಿರಿ ಅಂತ ಸೇಡಿಗೆ ಮುಚ್ಚಿಟ್ಟೆ ಅನ್ನುವುದೇ? ಮಾವಿನಹಣ್ಣು ತಿಂದ ಬಾಯಲ್ಲಿ? ಮುಂದಿನ ವಾರ ಹೇಳೋಣ, ಮಳೆಗಾಲ ಕಳೆಯಲಿ ಹೇಳೋಣ ಎಂದು ದೂಡಿದೆ. ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು, ಅತ್ತ ನುಂಗಲೂ ಆಗದು ಇತ್ತ ಉಗುಳಲೂ ಆಗದು.

ಅಕ್ಟೋಬರಿನಲ್ಲಿ ಮಾಸ್ತರು ಹಳೆಯ ಮೂರು ಮಿಲಿಮೀಟರ್ ತಂತಿ ತೆಗೆದು ನಾಲ್ಕು ಮಿಲಿಮೀಟರಿನ ಹೊಸ ಸ್ಟೀಲ್ ತಂತಿ ಹಾಕಿದರು. ಹೊಸ ಬೋಲ್ಟು, ಬಿಗಿ ಮಾಡಲು ಹೊಸ ತಿರುಪು. ಇದು ಒಳ್ಳೆಯ ಅಪ್‌ಗ್ರೇಡು ಎಂದು ನಾನೂ ಒಪ್ಪಿದೆ. ನಿಜ ಹೇಳಬೇಕೆಂದರೆ ಅದು ಕೆಟ್ಟದ್ದನ್ನು ಇನ್ನೂ ಕೆಡಿಸಿತು. ದಪ್ಪ ತಂತಿ ಎಂದು ಬಿಗಿಯೂ ಹೆಚ್ಚಾಯಿತು, ಆ ಎಳೆತವನ್ನೆಲ್ಲ ತಡೆಯಬೇಕಾದದ್ದು ಅದೇ ಕೊಳೆತ ಪ್ಲೈವುಡ್.

ದೀಪಾವಳಿ ಕಳೆದ ಮೇಲೆ ಬೇಲೆಕೇರಿಯ ಕೊಲ್ಲಿಯಲ್ಲಿ ದೋಣಿ ನೀರಿಗಿಳಿಸುವ ದಿನ ಬಂತು. ಕಾಯಿ ಒಡೆಯಬೇಕಾದವರು ಮಾಸ್ತರು. ಅವರು ಒಪ್ಪಲಿಲ್ಲ. "ಗುರುಗಳು ಒಡೀಲಿ" ಎಂದು ಕಾಯಿಯನ್ನು ನನ್ನ ಕೈಗೆ ಇಟ್ಟರು. ನಾನು ಕಾಯಿ ಒಡೆದೆ. ಗಾಳಿ ಹಗುರ ಇದೆ, ಕೊಲ್ಲಿಯ ಒಳಗೇ ಸುತ್ತುತ್ತಾರೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕೋರು ಸೆರಗು ಸಿಕ್ಕಿಸಿ, ಲೈಫ್ ಜಾಕೆಟ್ ಹಾಕಿ, ಮೊಣಕಾಲುದ್ದ ನೀರಿನಲ್ಲಿ ನಡೆದು ದೋಣಿ ಹತ್ತಿದರು. ದಡದಲ್ಲಿದ್ದ ಯಾರೋ ಹೆದರಿಕೆ ಇಲ್ವಾ ಎಂದು ಕೇಳಿದ್ದಕ್ಕೆ, "ಪಾಂಡು ಮೇಸ್ತ್ರಿ ನೋಡಿದ ದೋಣಿ, ನಂಗೆಂಥ ಹೆದ್ರಿಕೆ?" ಅಂದರು.

ಆಗಲಾದರೂ ಬಾಯಿ ಬಿಡಬಹುದಿತ್ತು. "ಇಳೀರಿ ಅಕ್ಕೋರೇ" ಅಂದರೆ ಸಾಕಿತ್ತು. ಅನ್ನಲಿಲ್ಲ.

ಅದಾಗಿ ಮೂರನೆಯ ಭಾನುವಾರ ಸಂಜೆ ನಾಲ್ಕೂವರೆಗೆ ಮಾಸ್ತರ ಫೋನು. ಮಧ್ಯಾಹ್ನದ ಮೇಲೆ ಪಡುಗಾಳಿ ಜೋರಾಗಿತ್ತು. "ಮೇಸ್ತ್ರಿ, ಕಂಬ ಬಿತ್ತು. ಇವ್ಳ ಮೇಲೇ ಬಿತ್ತು" ಅಂದರು. ಬೇಲೆಕೇರಿಯ ಮೀನುಗಾರರು ದೋಣಿಯನ್ನು ಎಳೆದು ದಡ ಸೇರಿಸಿದ್ದರು. ಅಕ್ಕೋರ ಬಲಹೆಗಲ ಎಲುಬು ಎರಡು ಕಡೆ ಮುರಿದಿತ್ತು, ಮಣಿಕಟ್ಟೂ ಮುರಿದಿತ್ತು.

ಕಾರವಾರದ ಆಸ್ಪತ್ರೆಯ ಜಗಲಿಯಲ್ಲಿ ಮಾಸ್ತರು ನನ್ನ ಕೈ ಹಿಡಿದುಕೊಂಡು, "ನಾನು ಎಲ್ಲಿ ತಪ್ಪಿದೆ, ನೋಡಿ ಹೇಳಿ" ಅಂದರು. ನಾನೊಬ್ಬನೇ ಬೇಲೆಕೇರಿಗೆ ಹೋದೆ. ಬಲಗಡೆಯ ಪಟ್ಟಿ ಬೋಲ್ಟಿನ ಸಮೇತ ಕಿತ್ತು ಬಂದಿತ್ತು. ಒಳಗಿನ ಪ್ಲೈವುಡ್ ಒದ್ದೆ ಚಹಾಪುಡಿಯಂತೆ ಕಪ್ಪಗಾಗಿತ್ತು, ಬೆರಳು ಹಾಕಿದರೆ ಕೆದರಿ ಬರುತ್ತಿತ್ತು. ಕೆದರಿ ಬಂದದ್ದನ್ನೆಲ್ಲ ತೆಗೆದು ನೀರಿಗೆ ಎಸೆದೆ. ವಾಪಸು ಬಂದು, "ಹಳೇ ದೋಣಿ ಮಾಸ್ತರೇ, ಯಾರ ತಪ್ಪೂ ಅಲ್ಲ" ಅಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅವರು ತಲೆ ಅಲ್ಲಾಡಿಸಿದರು. "ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಹೇಳ್ತೀರಿ. ನಾನೇ ತಂತಿ ಅತಿಯಾಗಿ ಬಿಗಿದೆ, ನನ್ನದೇ ತಪ್ಪು" ಅಂದರು.

ಫೋನು ನಿಂತಿತು. ಹತ್ತು ತಿಂಗಳ ಮೇಲೆ ಒಂದು ದಿನ ಕರೆ ಬಂತು. "ದೋಣಿ ಒಯ್ದುಬಿಡಿ ಮೇಸ್ತ್ರಿ, ಬೇಕಾದವರಿಗೆ ಕೊಡಿ." ಟೆಂಪೋ ಮಾಡಿಕೊಂಡು ಹೋದೆ. ಬೇಲೆಕೇರಿಯಿಂದ ತಂದ ದೋಣಿ ಮತ್ತೆ ಅಂಗಳದ ಮಾವಿನ ಮರದ ಕೆಳಗಿತ್ತು. ಹಿತ್ತಲಲ್ಲಿ ಒಬ್ಬ ಪ್ಲಂಬರ್ ನಲ್ಲಿಗೆ ವಾಶರ್ ಹಾಕುತ್ತಿದ್ದ. ಅಕ್ಕೋರು ಮೆಟ್ಟಿಲ ಮೇಲೆ ಕೂತಿದ್ದರು. ಬಲಗೈ ಹೆಗಲಿಂದ ಮೇಲೆ ಏಳುತ್ತಿರಲಿಲ್ಲ, ತುರುಬು ಒಂದು ಬದಿಗೆ ಜಾರಿತ್ತು.

"ದಿನಾ ಇವರೇ ಕಟ್ಟೂದು. ಬರೂದಿಲ್ಲ, ಆದ್ರೂ ಕಟ್ತಾರೆ" ಅಂದರು. ಆಮೇಲೆ ದನಿ ತಗ್ಗಿಸಿದರು. "ಕೈ ಬಿಡಿ, ಅದು ಹೆಂಗೋ ನಡೀತದೆ. ಮನೆ ಫ್ಯಾನು, ಮಿಕ್ಸರು, ರೇಡಿಯೋ ಎಲ್ಲ ತಾವೇ ಬಿಚ್ಚಿ ಕಟ್ಟಿದವ್ರು ಈಗ ಒಂದು ವಾಶರ್ ಹಾಕೂದಕ್ಕೆ ಜನ ಕರೀತಾರೆ. ನನ್ನ ಕೈ ನಂಬೂದಕ್ಕಾಗೂದಿಲ್ಲ ಅಂತಾರೆ."

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಮಾಸ್ತರನ್ನು ಕರೆದು ಇಬ್ಬರೆದುರೂ ಹೇಳಿದೆ. ನಾಣ್ಯ ತಟ್ಟಿದ್ದು, ಬದ್ ಅಂದದ್ದು, ಅಡ್ಡಿಲ್ಲ ಅಂದದ್ದು, ಕೊಳೆತದ್ದನ್ನು ನೀರಿಗೆ ಎಸೆದದ್ದು, ಒಂದೂ ಬಿಡಲಿಲ್ಲ. ಯಾಕೆ ಎಂಬುದನ್ನೂ ಹೇಳಿದೆ.

ಮಾಸ್ತರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಕೊನೆಗೆ, "ನನ್ನ ಪ್ಯಾಚು?" ಎಂದು ಕೇಳಿದರು.

"ಕೂದಲೆಳೆಯಷ್ಟೂ ಬಿಟ್ಟಿಲ್ಲ ಮಾಸ್ತರೇ. ನಿಮ್ಮ ಕೆಲಸದಲ್ಲಿ ಒಂದು ತಪ್ಪೂ ಇರ್ಲಿಲ್ಲ."

ಅವರು ನನ್ನ ಮುಖ ನೋಡದೆ ಎದ್ದು, ಅಂಗಳಕ್ಕೆ ಇಳಿದು, ದೋಣಿಯ ಬಳಿ ಹೋಗಿ ನಿಂತರು. ಟೆಂಪೋದವನಿಗೆ ಹೋಗು ಎಂದು ಕೈಸನ್ನೆ ಮಾಡಿದರು. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಆವತ್ತಿನಿಂದ ಇಂದಿನವರೆಗೆ ನನ್ನ ಹತ್ತಿರ ಮಾತಾಡಿಲ್ಲ. ದೋಣಿಯನ್ನು ಮತ್ತೆ ತಾವೇ ಸರಿಮಾಡಿದರಂತೆ, ಬೇಲೆಕೇರಿಯವರು ಹೇಳಿದರು. ಅಷ್ಟು ಕೇಳಿ ಸಂತೋಷವಾಯಿತು.

ಆ ದಿನ ಮೆಟ್ಟಿಲ ಮೇಲೆ ಉಳಿದವರು ನಾನು ಮತ್ತು ಅಕ್ಕೋರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಮಗುವಿನ ಹತ್ತಿರ ಕೇಳುವ ಹಾಗೆ ಕೇಳಿದರು.

"ಇವ್ರು ನಾಲ್ಕು ಜನರೆದುರು ನಿಮ್ಮ ಮರ್ಯಾದೆ ತೆಗೆದ್ರು, ಖರೇ. ನಾನೆಂಥ ಮಾಡಿದ್ದೆ ಮೇಸ್ತ್ರಿ?"

ನಾನು ತಲೆ ತಗ್ಗಿಸಿ ಎದ್ದು ಬಂದೆ. ಈ ವೃತ್ತಿ ನನಗೆ ಕಲಿಸಿದ್ದು ಇದೊಂದೇ, ಅದೂ ತಡವಾಗಿ. ಜಗಳ ಮಾಲೀಕನ ಜೊತೆ ಇರಬಹುದು, ದೋಣಿಯಲ್ಲಿ ಕೂರುವವರು ಬೇರೆಯವರು. ಈಗ ಶೆಡ್ಡಿಗೆ ಯಾರೇ ಬರಲಿ, ಕೆಲಸ ಕೊಡಲಿ ಬಿಡಲಿ, ನನ್ನನ್ನು ಹೊಗಳಲಿ ತೆಗಳಲಿ, ತಟ್ಟಿ ಕೇಳಿದ್ದನ್ನು ಅಲ್ಲೇ ನಿಂತು ಹೇಳುತ್ತೇನೆ. ಹೇಳುವ ಮೊದಲು ಒಂದು ಮಾತು ಕೇಳುತ್ತೇನೆ: "ಇದ್ರಾಗೆ ಯಾರ್ಯಾರು ಕೂತ್ಕಂತ್ರಿ?"