ತಲೆ ಕೊನೆಗೆ ಬರಲಿ

ಕಳೆದ ಭಾನುವಾರ ಬೆಳಿಗ್ಗೆ ನಾನು ಕುಂಡಲಿಕಾ ನದಿಯಲ್ಲಿ ತಲೆಕೆಳಗಾಗಿದ್ದೆ. ದೋಣಿ ಮೇಲೆ, ನಾನು ಕೆಳಗೆ, ಮೂಗಿನ ತುಂಬ ನೀರು. ಅಂಥ ಹೊತ್ತಿನಲ್ಲಿ ಬೇರೆಯವರು ದೇವರನ್ನು ನೆನೆಯುತ್ತಾರೆ. ನಾನು ಯೋಚಿಸುತ್ತಿದ್ದೆ: ಇದು ಯಾರ ತಪ್ಪು?

ನಗಬೇಡಿ. ಹದಿನೆಂಟು ವರ್ಷದಿಂದ ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ನಾನು. ದಿನವಿಡೀ ಬೇರಿಂಗ್ ನೋಡುವುದು, ದೋಷವಿದ್ದದ್ದಕ್ಕೆ ಕೆಂಪು ಚೀಟಿ ಅಂಟಿಸುವುದು. ಏನೇ ಕೆಟ್ಟರೂ ಮೊದಲು ಕಾರಣ, ಆಮೇಲೆ ಮುಂದಿನ ಮಾತು. ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಗ್ಯಾಸ್ ಆರಿಸುವುದಿಲ್ಲ, ಒಲೆಯ ಮುಂದೆ ಯಾರಿದ್ದರು ಎಂದು ಕೇಳುತ್ತೇನೆ. (ನಮ್ಮ ಮನೆಯವರು ಇದನ್ನು ಓದುತ್ತಿದ್ದರೆ: ಹೌದು, ಒಪ್ಪಿಕೊಂಡೆ.)

ನಾನಿದ್ದದ್ದು ಕಯಾಕ್‌ನಲ್ಲಿ, ಎಂದರೆ ಒಬ್ಬರೇ ಕೂರುವ ಸಪೂರ ದೋಣಿ. ಸೊಂಟಕ್ಕೆ ಬಿಗಿದ ರಬ್ಬರ್ ಲಂಗದಿಂದ ಅದರ ಬಾಯಿ ಮುಚ್ಚಿರುತ್ತದೆ. ಮಗುಚಿದರೆ ಎರಡೇ ದಾರಿ. ಲಂಗದ ಕುಣಿಕೆ ಎಳೆದು ಹೊರಬಂದು ಈಜಬೇಕು. ಆಗ ರೇಸಿನಿಂದ ಔಟ್. ಇಲ್ಲವೇ ಒಳಗೇ ಕೂತು, ಹುಟ್ಟು ಬೀಸಿ, ಸೊಂಟ ತಿರುವಿ, ದೋಣಿ ಸಮೇತ ಮೇಲೇಳಬೇಕು. ಕಳೆದ ವರ್ಷ ಇದೇ ನದಿಯ ರೇಸಿನಲ್ಲಿ ನಾನು ಕುಣಿಕೆ ಎಳೆದಿದ್ದೆ. ದಡಕ್ಕೆ ಬಂದು ಒದ್ದೆ ಬಟ್ಟೆಯಲ್ಲೇ ಆ ದೋಣಿಯ ಏಳು ದೋಷಗಳನ್ನು ಹೇಳಿದ್ದೆ.

ಕೇಳಿಸಿಕೊಂಡವರು ನನ್ನ ಕೋಚ್ ಮಲ್ಲಪ್ಪ. ಸುರಪುರದ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಪುಣೆಗೆ ಬಂದವರು. ಕೃಷ್ಣೆಯಲ್ಲಿ ಈಜಿ ಬೆಳೆದ ಮೈ, ಸಿಮೆಂಟಿಗಿಂತ ನೀರೇ ಹಿಡಿಸಿತು. ಎಲ್ಲ ಕೇಳಿ ಅವರು ಅಂದದ್ದು ಇಷ್ಟೇ: "ದೋಣಿದು ಏನೂ ತಪ್ಪಿಲ್ರಿ ಅಕ್ಕಾರ. ನೀವು ತಲಿ ಮೊದ್ಲ ಎತ್ತತೀರಿ. ಮೊದ್ಲ ಸೊಂಟ ತಿರುವ್ರಿ, ದೋಣಿ ಏಳ್ತದ. ತಲಿ ಕಡೀಕ ಬರ್ಲಿ."

ಹೇಳುವುದು ಸುಲಭ. ಮುಳುಗುವವರಿಗೆ ಬೇಕಾದದ್ದು ಉಸಿರು, ಉಸಿರಿಗೆ ಬೇಕು ಮೂಗು, ಮೂಗಿರುವುದು ತಲೆಯಲ್ಲಿ. ಆದರೆ ತಲೆ ಎತ್ತಿದೊಡನೆ ಅದರ ಭಾರಕ್ಕೆ ದೋಣಿ ಮತ್ತೆ ಮಗುಚುತ್ತದೆ. ಒಂದು ವರ್ಷ, ಪ್ರತಿ ಭಾನುವಾರ, ಪವನಾ ಹಿನ್ನೀರಿನಲ್ಲಿ ಮಗುಚಿದ್ದೇ ಮಗುಚಿದ್ದು.

"ಈ ವಯಸ್ಸಿನಾಗ ಇದೆಲ್ಲ ಬೇಕೇನ ನಿನಗ?" ಎಂದರು ಮನೆಯವರು.

"ಒಮ್ಮೆ ದೋಣಿ ಬಿಡದಂಗ ರೇಸಿನ ಕಡೀ ಗೆರಿ ಮುಟ್ಟತೀನಿ. ಆಮ್ಯಾಲೆ ಕೇಳ್ರಿ," ಅಂದೆ. ಈಜಿ ದಡ ಸೇರಿದ ಮುಖ ಹೊತ್ತು ಇನ್ನೊಂದು ವರ್ಷ ಓಡಾಡುವುದು ನನ್ನಿಂದಾಗುತ್ತಿರಲಿಲ್ಲ.

ಕುಂಡಲಿಕೆಗೂ ಆಫೀಸ್ ಟೈಮ್ ಇದೆ. ಬೆಳಿಗ್ಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಲವೇ ತಾಸು ಅಬ್ಬರ. ಆಮೇಲೆ ಎಮ್ಮೆಗಳು ನಡೆದೇ ದಾಟುತ್ತವೆ. ಆ ಅಬ್ಬರದಲ್ಲೇ ರೇಸ್ ಮುಗಿಯಬೇಕು. ನಲವತ್ತು ದಾಟಿದ ಹೆಂಗಸರ ಸರದಿ ಬಂತು. ಹೊರಟೆ. ಹೋದ ವರ್ಷ ನಾನು ಮಗುಚಿದ ಅದೇ ಬಂಡೆಯ ಹತ್ತಿರ ನೀರು ಅಡ್ಡ ಹೊಡೆಯಿತು. ಮಗುಚಿದೆ.

ಬಂಡೆಯ ತಪ್ಪೇ? ಹುಟ್ಟು ತಡವಾಯಿತೇ? ಇನ್ನಷ್ಟು ಎಡಕ್ಕೆ ಹೋಗಿ ಎಂದು ಮಲ್ಲಪ್ಪ ಹೇಳಬಾರದಿತ್ತೇ? (ಸುಳ್ಳಲ್ಲ, ನೀರೊಳಗೆ ಇಷ್ಟೂ ಯೋಚಿಸಿದೆ.) ಯೋಚಿಸುತ್ತಲೇ ತಲೆ ಎತ್ತಿದೆ. ಅರ್ಧ ಉಸಿರು ಸಿಕ್ಕಿತು, ದೋಣಿ ಮತ್ತೆ ಮಗುಚಿತು. ಕೈ ತಾನಾಗಿ ಕುಣಿಕೆ ಹುಡುಕಿತು. ಬೆರಳಿಗೆ ಸಿಕ್ಕಿತು ಕೂಡ.

ಬಿಟ್ಟೆ. ಯಾರ ತಪ್ಪಾದರೂ ಇರಲಿ, ಆಮೇಲೆ ನೋಡೋಣ. ಹುಟ್ಟು ಬೀಸಿದೆ, ಸೊಂಟ ತಿರುವಿದೆ, ತಲೆಯನ್ನು ಭುಜಕ್ಕೆ ಒತ್ತಿ ಹಿಡಿದೆ. ಮೊದಲು ದೋಣಿ ಎದ್ದಿತು. ಆಮೇಲೆ ನಾನು. ಕಡೆಗೆ ತಲೆ. ಕಣ್ಣಿಗೆ ಬಿಸಿಲು ಬಿತ್ತು. "ಹೊಡೀರಿ ಅಕ್ಕಾರ, ನಿಲ್ಲಬ್ಯಾಡ್ರಿ," ಎನ್ನುತ್ತ ಮಲ್ಲಪ್ಪ ದಡದ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಜೊತೆಗೇ ಓಡುತ್ತಿದ್ದರು. ಗೆರೆ ದಾಟಿದಾಗ ಅಳು, ನಗು ಎರಡೂ ಒಟ್ಟಿಗೆ ಬಂದವು. ಪ್ರಮೋಷನ್ ಬಂದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಅಲ್ಲ, ನಾವೆಲ್ಲ ಬದುಕುವುದೂ ಹೀಗೇ ಅಲ್ಲವೇ? ಗಾಡಿ ಕೆಡಲಿ, ಮಗಳು ನಪಾಸಾಗಲಿ, ನಿಶ್ಚಯವಾದ ಮದುವೆ ಮುರಿಯಲಿ. ಮಗುಚಿದ್ದು ಇನ್ನೂ ಮಗುಚಿಯೇ ಇರುತ್ತದೆ, ನಾವು ತಲೆ ಎತ್ತಿ ಪಂಚಾಯ್ತಿ ಶುರು ಮಾಡಿರುತ್ತೇವೆ. ಮೊದಲು ಎದ್ದು ಕೂರೋಣ ಅನ್ನುವವರು ಎಷ್ಟು ಜನ?

ಮೂರನೇ ಸ್ಥಾನ ಬಂತು, ಕಂಚಿನ ಪದಕ. ಕೊರಳಲ್ಲಿ ಹಾಕಿಕೊಂಡೇ ಮನೆಗೆ ಫೋನ್ ಮಾಡಿದೆ.

"ಭಾಳ ಚಲೋ ಆತು," ಅಂದರು ಮನೆಯವರು. ಆಮೇಲೆ ಮೆಲ್ಲಗೆ, "ಒಟ್ಟ ಎಷ್ಟ ಮಂದಿ ಇದ್ರು?"

"ಮೂರ ಮಂದಿ."

ಆ ಕಡೆಯಿಂದ ನಗು. ನಗಲಿ. ಸೋಮವಾರ ಕಾರ್ಖಾನೆಯಲ್ಲೂ ಎಲ್ಲರೂ ಅದನ್ನೇ ಕೇಳಿದರು, ಹಾಗೇ ನಕ್ಕರು. ಪುಣೆಯಲ್ಲಿ ನಲವತ್ತು ದಾಟಿದ ಹೆಂಗಸರು ಲಕ್ಷಗಟ್ಟಲೆ ಇದ್ದಾರೆ. ಆ ಬೆಳಿಗ್ಗೆ ನೀರಿಗಿಳಿದವರು ಮೂವರು. ಈಗ ನೀವೇ ಹೇಳಿ, ನಾನು ಕೊನೆಯವಳೇ?