ಬಟ್ಲರ್ ಹೊತ್ತೊಯ್ದನೆಂಬ ರತ್ನಗಂಬಳಿ

"ಚಿನ್ನದ ಗಣಿ ಮೈಸೂರು ಮೈನ್ಸ್‌ನ ದೊಡ್ಡ ಬಂಗಲೆಯ ಪಡಸಾಲೆಯಲ್ಲಿ ಪರ್ಷಿಯಾ ದೇಶದ ರತ್ನಗಂಬಳಿಯೊಂದಿತ್ತು; ಗಣಿಯ ಇಂಗ್ಲಿಷ್ ದೊರೆ ಸೀಮೆಗೆ ಹೊರಟ ದಿನ ಬಟ್ಲರ್ ಮುನಿಸಾಮಿ ಅದನ್ನು ಸುರುಳಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು, ಕೋರಮಂಡಲ್ ಎಂಬ ಗಣಿಕೇರಿಯ ತನ್ನ ಲೈನ್‌ಮನೆಗೆ ನಡೆದುಬಿಟ್ಟ." ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಗೊತ್ತಿರುವ ಸಂಗತಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅಸಮಾಧಾನ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಈ ಕಥೆಯನ್ನು ಹಲವರ ಬಾಯಿಂದ ಕೇಳಿದ್ದೇನೆ. ಕೆಲವರ ಕಥೆಯಲ್ಲಿ ಮುನಿಸಾಮಿಗೆ ಎತ್ತಿನಗಾಡಿಯಿತ್ತು. ಕೆಲವರ ಸುರುಳಿಯೊಳಗೆ ದೊರೆಯ ಬೆಳ್ಳಿ ಚಮಚಗಳೂ ಇದ್ದವು. ಮಾಲೂರಿನ ಕಡೆಯ ಒಬ್ಬರು ಅದರೊಳಗೆ ಗೋಡೆ ಗಡಿಯಾರವನ್ನೂ ಇಟ್ಟಿದ್ದರು. ಅದು ದಾರಿಯುದ್ದಕ್ಕೂ ಗಂಟೆ ಹೊಡೆಯಿತಂತೆ.

ನಾನು ಬಂಗಾರಪೇಟೆ ಜಂಕ್ಷನ್ನಿನ ಪಾರ್ಸೆಲ್ ಕಚೇರಿಯಲ್ಲಿ ತೂಕದ ಯಂತ್ರದ ಪಕ್ಕ ಆಯುಷ್ಯ ಕಳೆದವನು. ಶಾಲೆ ನನ್ನನ್ನು ಬೇಗ ಬಿಟ್ಟುಕೊಟ್ಟಿತು; ಉಳಿದ ವಿದ್ಯೆಯೆಲ್ಲ ತಡವಾಗಿ ಬರುತ್ತಿದ್ದ ರೈಲುಗಳ ಕೃಪೆ. ಹೊರಗೆ 'ಪುಸ್ತಕ' ಎಂಬ ಚೀಟಿ ಅಂಟಿಸಿಕೊಂಡು ಒಳಗಿನಿಂದ ಮಾವಿನ ವಾಸನೆ ಬೀರುವ ಪೆಟ್ಟಿಗೆಗಳನ್ನು ಮೂಸಿದವನಿಗೆ ಚೀಟಿಯ ಮೇಲಿನ ಭಕ್ತಿ ಬಹಳ ಕಾಲ ಉಳಿಯುವುದಿಲ್ಲ. ಆದ್ದರಿಂದ ಕಥೆಗೆ ನನ್ನ ಮೊದಲ ಆಕ್ಷೇಪ ತೂಕದ್ದಾಗಿತ್ತು. ಪಡಸಾಲೆ ತುಂಬುವ ರತ್ನಗಂಬಳಿ ಒಬ್ಬ ಬಟ್ಲರನ ಹೆಗಲಿಗೆ ಏರುವ ವಸ್ತುವಲ್ಲ. ಅದು ಹೆಗಲಿಗೆ ಏರಿದರೆ ಬಟ್ಲರ್ ನಡೆಯುವುದಿಲ್ಲ. ಇದನ್ನು ರೈಲಿನಲ್ಲಿ ಹೇಳಿದಾಗ ಸಹಪ್ರಯಾಣಿಕರು ಕಿಟಕಿಯ ಕಡೆ ತಿರುಗಿದರು.

ಆದರೂ ಆ ಆಕ್ಷೇಪ ಅಷ್ಟಕ್ಕೇ ನಿಂತಿತ್ತು. ಅದು ಮುಂದುವರಿದದ್ದು ನನ್ನ ಮೊಣಕಾಲಿನಿಂದ. ಬೆಳಗಿನ ಹೊತ್ತು ಮೊಸಾಯಿಕ್ ನೆಲದ ಮೇಲೆ ಬರಿಗಾಲು ಇಡಬೇಡಿ ಎಂದು ವೈದ್ಯರು ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ರಬ್ಬರ್ ಚಪ್ಪಲಿ. ನಾನು ವಿಷಯವನ್ನು ಮೂಲದಿಂದ ಅಧ್ಯಯನ ಮಾಡಿ, ಕೈಯಿಂದ ನೇಯ್ದ ಹಳೆಯ ಪರ್ಷಿಯನ್ ರತ್ನಗಂಬಳಿಯೇ ಸೂಕ್ತ ಚಿಕಿತ್ಸೆಯೆಂಬ ತೀರ್ಮಾನಕ್ಕೆ ಬಂದೆ. ನನ್ನ ಹೆಂಡತಿ ಸಾವಿತ್ರಮ್ಮ ಇದನ್ನು ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

"ಮೊಣಕಾಲ್ಗೆ ಎಣ್ಣೆ ಅಚ್ಕಳಿ ಅಂದ್ರೆ ಇರಾನ್‌ಗೆ ಓಯ್ತೀನಿ ಅಂತೀರಲ್ಲ. ತಂದ್ಮೇಲೆ ಅದನ್ನ ತುಳೀತೀರೋ, ಇಲ್ಲಾ ಪೂಜೆ ಮಾಡ್ತೀರೋ?"

ಪ್ರಶ್ನೆ ಸಾಧುವಾದದ್ದೇ. ಆದರೆ ಈ ವಸ್ತುವಿನ ಮಹಿಮೆಯೇ ಅದು: ತುಳಿಸಿಕೊಂಡಷ್ಟೂ ಇದರ ಬೆಲೆ ಏರುತ್ತದೆ. ಪಾರ್ಸೆಲ್ ಗುಮಾಸ್ತರಿಗೆ ಈ ಸೌಲಭ್ಯವಿಲ್ಲ. ನಮ್ಮ ಭಾಷೆ ಇದಕ್ಕೆ ರತ್ನಗಂಬಳಿ ಎಂಬ ಹೆಸರಿಟ್ಟು ಗೌರವಿಸಿದೆಯಾದರೂ ಇದರಲ್ಲಿ ರತ್ನವಿಲ್ಲ, ಹೊದೆಯಲು ಬಾರದ್ದರಿಂದ ಕಂಬಳಿಯೂ ಅಲ್ಲ; ಆದ್ದರಿಂದ ನಾನು ಗಂಬಳಿ ಎಂದಷ್ಟೇ ಕರೆಯುತ್ತೇನೆ. ಗ್ರಂಥಗಳು ಕೊಡುವ ಪರೀಕ್ಷೆ ಸರಳ. ಹೂವನ್ನು ನೋಡಬಾರದು, ಬೆನ್ನನ್ನು ನೋಡಬೇಕು. ಕೈಯಿಂದ ಕಟ್ಟಿದ್ದರೆ ಬೆನ್ನಿನ ಮೇಲೆ ಗಂಟುಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತವೆ, ಸಾಲು ಅಲ್ಲಲ್ಲಿ ಸೊಟ್ಟಗಿರುತ್ತದೆ. ಅಂಚಿನ ಕುಚ್ಚು ಹೊಲಿದದ್ದಾಗಿರದೆ ನೇಯ್ಗೆಯ ಹಾಸುನೂಲೇ ಹೊರಗೆ ಚಾಚಿಕೊಂಡದ್ದಾಗಿರುತ್ತದೆ. ಒಂದೇ ಕೆಂಪು ಮಧ್ಯದಲ್ಲಿ ಇನ್ನೊಂದು ಕೆಂಪಾಗಿ ತಿರುಗಿದರೆ ಗಾಬರಿಯಾಗಬಾರದು. ನೇಯುವವನ ಬಣ್ಣದ ಉಣ್ಣೆ ಮುಗಿದು, ಹೊಸದಾಗಿ ಅದ್ದಿಕೊಂಡು ಬಂದಿದ್ದಾನೆಂದು ಅರ್ಥ. ತಪ್ಪಿಲ್ಲದ ಗಂಬಳಿಯನ್ನು ಯಂತ್ರ ಮಾಡಿರುತ್ತದೆ. ಆದರೆ ಕೈಗಂಟಿನದೆಲ್ಲ ಪರ್ಷಿಯಾದ್ದೂ ಅಲ್ಲ. ಆಂಧ್ರದ ಏಲೂರಿನಲ್ಲೂ ನೇಯ್ದರು, ನಮ್ಮ ನಾಡಿನ ಜೈಲುಗಳಲ್ಲಿ ಕೈದಿಗಳೂ ನೇಯ್ದರು. ಎಷ್ಟೋ ಕಳ್ಳರು ಪ್ರಾಮಾಣಿಕವಾಗಿ ನೇಯ್ದದ್ದನ್ನು ಪ್ರಾಮಾಣಿಕರು ಪರ್ಷಿಯಾದ್ದೆಂದು ಮಾರಿದ್ದಾರೆ.

ಇಷ್ಟು ತಿಳಿದುಕೊಂಡು ರಾಬರ್ಟ್‌ಸನ್‌ಪೇಟೆಯಲ್ಲಿ ಹಳೆಯ ಸಾಮಾನು ಮಾರುವ ಚೆಂಗಲ್ರಾಯನ ಅಂಗಡಿಗೆ ಹೋದೆ. ಅವನಲ್ಲಿ ಕುರ್ಚಿ, ಕನ್ನಡಿ, ಕೋಟು ಹಾಕುವ ಗೂಟ, ಎಲ್ಲವೂ ದೊರೆಯ ಬಂಗಲೆಯಿಂದಲೇ ಬಂದಿರುತ್ತವೆ. ಅವನ ಲೆಕ್ಕದಲ್ಲಿ ಆ ದೊರೆ ಗೋದಾಮಿನಲ್ಲಿ ವಾಸವಾಗಿದ್ದಿರಬೇಕು. ಅವನು ಬಿಚ್ಚಿ ತೋರಿಸಿದ ಗಂಬಳಿಯ ಮೂಲೆಯನ್ನು ಮಗುಚಿದೆ. ಬೆನ್ನಿಗೆ ರಬ್ಬರಿನ ಅಂಟು ಬಳಿದಿತ್ತು.

"ದೊರೆ ಕಾಲದಲ್ಲಿ ಈ ಅಂಟು ಇತ್ತೇನಪ್ಪಾ?"

"ದೊರೆಗಳತ್ರ ಏನ್ ಇರ್ಲಿಲ್ಲ ಏಳಿ ಸಾರ್," ಎಂದ ಚೆಂಗಲ್ರಾಯ. ಬಳಿಕ, ನಾನು ಸುಲಭದ ಗಿರಾಕಿಯಲ್ಲವೆಂದು ಕಂಡುಕೊಂಡು, ದನಿ ತಗ್ಗಿಸಿದ. "ಅಸ್ಲಿ ಮಾಲು ಬೇಕಂದ್ರೆ ಕೋರಮಂಡಲ್ ಕುಪ್ಪಮ್ಮನತ್ರ ಐತೆ. ಮುನಿಸಾಮಿ ಮಗ್ಳು. ಮಾರ್ತೀನಂತಾಳೆ, ನಾನ್ ಓದ್ರೆ ಮಾತ್ರ ಬಾಗ್ಲಾಕ್ಕೊಂತಾಳೆ."

"ಯಾಕೆ?"

"ನಾನೇನ್ ಕೇಳ್ದೆ ಸಾರ್? ನಮ್ಮಪ್ಪ ಇದನ್ನ ಬಂಗ್ಲೆಯಿಂದ ಒತ್ಕಂಡ್ ಬಂದ್ರು ಅಂತ ಫೋನ್ ವೀಡಿಯೋ ಮುಂದೆ ಒಂದ್ಮಾತು ಏಳಮ್ಮ ಅಂದೆ. ಬೆಂಗ್ಳೂರೋರು ಗಂಬ್ಳಿ ನೋಡಲ್ಲ, ಕತೆ ಕೇಳ್ತಾರೆ."

ಕುಪ್ಪಮ್ಮನಿಗೆ ನನ್ನಷ್ಟೇ ವಯಸ್ಸು, ನನಗಿಂತ ಗಟ್ಟಿ ಮೊಣಕಾಲು. ಮಗಳು-ಅಳಿಯನ ಜೊತೆ ಅದೇ ಲೈನ್‌ಮನೆಯಲ್ಲಿದ್ದಾಳೆ. ಮಂಚದ ಮೇಲೆ ಗಂಬಳಿ ಹಾಸಿತ್ತು, ಮಗುಚಿ. ಹೂವು ಕೆಳಗೆ, ಗಂಟು ಮೇಲೆ. ಜೀವನದಲ್ಲಿ ಮೊದಲ ಬಾರಿಗೆ, ಮೂಲೆ ಎತ್ತುವ ಅಸಭ್ಯತೆಯಿಲ್ಲದೆ, ಒಂದು ಗಂಬಳಿಯ ಬೆನ್ನನ್ನು ಬಾಗಿಲಲ್ಲೇ ನಿಂತು ಪರೀಕ್ಷಿಸಿದೆ. ಸಾಸಿವೆ ಚೆಲ್ಲಿದಂತೆ ಗಂಟುಗಳು; ಸಾಲು ಎರಡು ಕಡೆ ಸೊಟ್ಟ. ಮಗುಚಿ ಹಾಸುವುದು ಈ ವಿದ್ಯೆಯ ಸಂಪ್ರದಾಯವೇ ಎಂದು ಗೌರವದಿಂದ ವಿಚಾರಿಸಿದೆ.

"ಸಂಪ್ರದಾಯ ಅಲ್ಲ ಸಾರ್, ಮಾನ," ಎಂದಳು ಕುಪ್ಪಮ್ಮ. "ಹೂ ಕಂಡ್ರೆ ಬಂದೋರೆಲ್ಲಾ ಮೊದ್ಲು ಗಂಬ್ಳಿ ನೋಡ್ತಾರೆ, ಆಮ್ಯಾಕೆ ನನ್ ಮೊಕ ನೋಡಿ, 'ಬಂಗ್ಲೆದಾ?' ಅಂತ ನಗ್ತಾರೆ. ನನ್ನ ನೋಡಕ್ಕೆ ಗಂಡಿನ ಕಡೆಯೋರು ಬಂದಾಗ್ಲೂ ಅಂಗೇ ನಕ್ಕಿದ್ರು."

ಇದನ್ನು ಅರ್ಥಮಾಡಿಕೊಳ್ಳಲು ಗಣಿಯೂರಿನವರಾಗಿರಬೇಕು. ಗಣಿಯಿಂದ ಮೇಲೆ ಬಂದವನನ್ನು, ಚಿನ್ನ ಅಡಗಿಸಿದ್ದಾನೆಯೇ ಎಂದು, ಗೇಟಿನಲ್ಲಿ ತಡವಿ ನೋಡುತ್ತಿದ್ದ ಊರಿದು. ಗೇಟು ಮುಚ್ಚಿ ಬಹಳ ಕಾಲವಾಯಿತು, ತಡವುವ ಅಭ್ಯಾಸ ಮಾತ್ರ ಕೈಯಿಂದ ಕಣ್ಣಿಗೆ ಬಂದಿದೆ. ಯಾರ ಮನೆಯಲ್ಲಿ ಒಳ್ಳೆಯ ವಸ್ತು ಕಂಡರೂ ಅದು ಎಲ್ಲಿಂದ ಬಂತೆಂದು ನಾವು ಕಣ್ಣಿನಿಂದಲೇ ಜೇಬು ತಡವುತ್ತೇವೆ.

ಅಪ್ಪನನ್ನು ನೈನಾ ಎಂದು ಕರೆಯುವ ಕುಪ್ಪಮ್ಮನ ವೃತ್ತಾಂತ ಬೇರೆಯೇ ಇತ್ತು. "ದೊರೆಸಾನಿ ನಾಯಿ ಇದ್ರ ಮ್ಯಾಲೆ ಉಚ್ಚೆ ಉಯ್ದಿತ್ತು. ನಾತ, ಬಿಸಾಕು ಅಂದ್ಲು. ನಮ್ ನೈನಾ ಸೈಕಲ್ ಮ್ಯಾಲಾಕ್ಕೊಂಡು ಬೇತಮಂಗಲ ಕೆರೆಗೆ ಓಗಿ ತೊಳ್ಕಂಡ್ ಬಂದ್ರು. ಇದಿದ್ದದ್ದು ಅವಳ ಮಲಗೋ ರೂಮ್ನಾಗೆ. ಪಡಸಾಲೆನಾಗಲ್ಲ. ಇದನ್ನ ತಕ್ಕೊಂಡೋಗಿ ಸಾರ್, ನೋಡಿ ನೋಡಿ ಸಾಕಾಗೈತೆ. ಆದ್ರೆ ಎಲ್ಲಿದು ಅಂತ ಯಾರಾನ ಕೇಳುದ್ರೆ ನಮ್ ನೈನಾನ ಕಳ್ಳ ಅನ್ನಬಾರ್ದು. ಅಷ್ಟೇ."

ಯಾವ ವಿವೇಕಿಯಾದರೂ ತಲೆಯಾಡಿಸಿ ಗಂಬಳಿಯನ್ನು ಆಟೋಗೆ ಹಾಕುತ್ತಿದ್ದ. ನಾನು, ಖಚಿತವಾಗದ ಸಂಗತಿಯ ಬಗ್ಗೆ ಮಾತು ಕೊಡುವ ಪದ್ಧತಿ ನನ್ನಲ್ಲಿಲ್ಲವೆಂದು ತಿಳಿಸಿದೆ.

"ನಿಮ್ಗೂ ಡೌಟಾ?"

"ನನಗೆ ಎಲ್ಲರ ಮೇಲೂ ಡೌಟು ಕುಪ್ಪಮ್ಮ. ದೊರೆಯ ಮೇಲೂ, ನಾಯಿಯ ಮೇಲೂ."

"ಅಂಗಾದ್ರೆ ಓಗಿ ನೋಡ್ಕಂಡ್ ಬನ್ನಿ. ಸುಮ್ನೆ ಮಂಚದ ಮುಂದೆ ನಿಂತ್ಕಂಡ್ರೆ ಗೊತ್ತಾಯ್ತದಾ?"

ಇಲ್ಲಿ ನನ್ನ ಸ್ಥಿತಿಯನ್ನು ಓದುಗರು ಗಮನಿಸಬೇಕು. ಗಂಬಳಿ ಪಡಸಾಲೆಯದೇ ಎಂದಾದರೆ ಮುನಿಸಾಮಿ ಕಳ್ಳ, ಗಂಬಳಿ ಬೆಲೆಯುಳ್ಳದ್ದು, ಚೆಂಗಲ್ರಾಯನಿಗೆ ಲಾಭ. ಅಲ್ಲವೆಂದಾದರೆ ಮುನಿಸಾಮಿ ಸಜ್ಜನ, ಗಂಬಳಿ ನಾಯಿಯದು, ಅದು ನನಗೆ ಅಗ್ಗ. ಸತ್ಯಶೋಧನೆಯಿಂದ ನನಗೆ ಲಾಭವಾಗುವಂತೆ ತೋರಿದ್ದು ಅದೇ ಮೊದಲು. ಅದರಿಂದ ನನ್ನ ಉತ್ಸಾಹ ಕುಗ್ಗಲಿಲ್ಲ.

ನನ್ನ ಉಪಾಯ ಹೀಗಿತ್ತು. ಹಳೆಯ ಬಂಗಲೆಗಳಲ್ಲಿ ಮರದ ನೆಲಕ್ಕೆ ಮೇಣ ತಿಕ್ಕುವವರು ಗಂಬಳಿಯ ಸುತ್ತ ತಿಕ್ಕುತ್ತಾರೆಯೇ ಹೊರತು ಗಂಬಳಿಯ ಅಡಿಯಲ್ಲಿ ತಿಕ್ಕುವುದಿಲ್ಲ. ಗಂಬಳಿ ಹೋದರೂ ಅದರ ಅಳತೆ ನೆಲದ ಮೇಲೆ ಮಾಸಲು ಚೌಕವಾಗಿ ಉಳಿದಿರಬೇಕು. ಮಂಚದ ಮೇಲಿನದನ್ನು ಅಳೆದುಕೊಂಡು, ಟೇಪನ್ನು ಜೇಬಿಗಿಳಿಸಿ, ಕುಪ್ಪಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ದೊಡ್ಡ ಬಂಗಲೆಗೆ ಹೋದೆ. ದೊರೆಯ ಬಳಿಕ ಅದು ಕಚೇರಿಯಾಗಿತ್ತು. ಈಗ ಮುರಿದ ಮೇಜುಗಳಿಗೂ ಒಬ್ಬ ಕಾವಲುಗಾರನಿಗೂ ಆಶ್ರಯ ಕೊಟ್ಟಿದೆ. ಕಾವಲುಗಾರ ಮುಂಬಾಗಿಲನ್ನು ತೆರೆಯುವಷ್ಟರಲ್ಲಿ ಕುಪ್ಪಮ್ಮ ಕಾಣಲಿಲ್ಲ. ನೋಡಿದರೆ, ಹಿಂದಿನ ಅಡುಗೆಮನೆಯ ಬಾಗಿಲ ಬಳಿ ಹೋಗಿ ನಿಂತಿದ್ದಳು. ಅವಳಿಗೆ ಗೊತ್ತಿದ್ದ ಬಾಗಿಲು ಅದು.

ಪಡಸಾಲೆಯ ನೆಲವೇ ಕಾಣುವಂತಿರಲಿಲ್ಲ. ಕಚೇರಿಯ ಕಾಲದಲ್ಲಿ ಗೋಡೆಯಿಂದ ಗೋಡೆಗೆ ಹಸಿರು ಲಿನೋಲಿಯಂ ಹಾಳೆ ಹಾಸಿದ್ದರು. ಒಂದು ಮೂಲೆ ಎತ್ತಿಕೊಡುವಂತೆ ಕಾವಲುಗಾರನನ್ನು ಕೇಳಿದೆ.

"ಅದ್ರಡಿ ಬಂಗಾರ ಇಲ್ಲ ಸಾರ್. ಬಂದೋರೆಲ್ಲಾ ಕೇಳ್ತಾರೆ."

"ಬಂಗಾರ ಬೇಡ. ನೆಲ ಬೇಕು."

"ಈ ಊರಾಗೆ ನೆಲ ನೋಡಕ್ಕೆ ಬಂದೋರು ನೀವೊಬ್ರೇ," ಎನ್ನುತ್ತ ಅವನು, ದೊರೆಗಳು ಚಳಿ ಕಾಯಿಸುತ್ತಿದ್ದ ಬೆಂಕಿಗೂಡಿನ ಬಳಿಯ ಮೂಲೆಯನ್ನು ಸಲಾಕೆಯಿಂದ ಎಬ್ಬಿಸಿ ಎಳೆದ.

ನೆಲ ಕಾಣಲಿಲ್ಲ. ಕಂಡದ್ದು ರತ್ನಗಂಬಳಿ.

ಮಧ್ಯಭಾಗವನ್ನು ಗೆದ್ದಲು ಮುಗಿಸಿತ್ತು. ಅಂಚುಗಳು ಮಾತ್ರ ಉಳಿದಿದ್ದವು. ಕಡುಗೆಂಪು ಹಿನ್ನೆಲೆ, ನೀಲಿ ಬಳ್ಳಿ. ನಾನು ಸುಲಭವಾಗಿ ಒಪ್ಪಲಿಲ್ಲ. ಇದನ್ನು ಕಚೇರಿಯವರೇ ತಂದು ಹಾಸಿರಬಹುದಲ್ಲವೇ? ಆದರೆ ಮುಚ್ಚುವುದಕ್ಕಾಗಿ ಗಂಬಳಿ ಕೊಳ್ಳುವ ಕಚೇರಿಯನ್ನು ನಾನು ಕಂಡಿಲ್ಲ. ಮೇಲಾಗಿ, ಬೆಂಕಿಗೂಡಿನ ಕಲ್ಲಿನ ಸುತ್ತ ಅದನ್ನು ಕಲ್ಲಿನ ಆಕಾರಕ್ಕೇ ಕತ್ತರಿಸಿ, ಅಂಚು ಹೊಲಿದು ಕೂರಿಸಿದ್ದರು. ಅದು ಆ ಪಡಸಾಲೆಗಾಗಿಯೇ ಇದ್ದ ಗಂಬಳಿ. ಎಲ್ಲರೂ ಹುಡುಕುತ್ತಿದ್ದ ವಸ್ತುವಿನ ಮೇಲೆ ಮೇಜು ಹಾಕಿಕೊಂಡು ಗುಮಾಸ್ತರು ಇಷ್ಟು ಕಾಲ ಮುನಿಸಾಮಿಯ ಕಥೆ ಹೇಳಿಕೊಂಡಿದ್ದರು. ಲಿನೋಲಿಯಂ ಹಾಸಿದ ಕೂಲಿಗಳಿಗೆ ಸತ್ಯ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ.

ಅಭ್ಯಾಸಬಲದಿಂದ ಅಂಚನ್ನು ಮಗುಚಿದೆ. ಸೆಣಬಿನ ಬೆನ್ನು, ಗೆರೆ ಎಳೆದಂತೆ ನೇರ ಸಾಲುಗಳು, ಒಂದೂ ಗಂಟಿಲ್ಲ. ಯಾವುದೋ ಕಾರ್ಖಾನೆಯ ಯಂತ್ರದ ಕೆಲಸ. ಪರ್ಷಿಯಾವನ್ನು ಅದು ಭೂಪಟದಲ್ಲೂ ಕಂಡಿರಲಿಲ್ಲ. ಕೈಗಂಟಿನ ಗಂಬಳಿಯನ್ನು ದೊರೆಸಾನಿ ನಾಯಿಯ ನೆಪದಲ್ಲಿ ಎಸೆದಳು. ಯಂತ್ರದ್ದನ್ನು ಅತಿಥಿಗಳ ಮುಂದೆ ಹಾಸಿದಳು. ಕುಪ್ಪಮ್ಮನದು ಪರ್ಷಿಯಾದ್ದೋ, ಏಲೂರಿನದೋ, ಜೈಲಿನದೋ ನಾನು ಹೇಳಲಾರೆ. ಕೈಯಿಂದ ಕಟ್ಟಿದ್ದೆಂಬುದು ಮಾತ್ರ ನಿಶ್ಚಯ. ನಾಯಿಯ ಬಗ್ಗೆಯೂ ನನ್ನಲ್ಲಿ ಈಗ ಆಕ್ಷೇಪವಿಲ್ಲ.

ಕುಪ್ಪಮ್ಮ ಬಗ್ಗಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಆ ಕೆಂಪು ಅಂಚನ್ನು ಒಮ್ಮೆ ಸವರಿದಳು.

"ಇದಕ್ಕಾ?" ಎಂದಳು. "ನಮ್ ನೈನಾ ಸಾಯೋಗಂಟ ಈ ರಸ್ತೆಗೆ ಬರ್ಲಿಲ್ಲ ಸಾರ್. ಮಾರಿಕುಪ್ಪದ ಮ್ಯಾಲೆ ಸುತ್ಕಂಡ್ ಓಗೋರು," ಎಂದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆ ಚೆಂಗಲ್ರಾಯನ್ನ ಕರೀರಿ. ಫೋನ್ ತರಕ್ಕೇಳಿ. ಇವಾಗ ಏಳ್ತೀನಿ ಕತೆ," ಎಂದಳು.

ಚೆಂಗಲ್ರಾಯ ಬಂದ. ಅವಳು ಬೆಂಕಿಗೂಡಿನ ಮುಂದೆ ನಿಂತು ತಂದೆಯ ಹೆಸರು, ನಾಯಿಯ ಹೆಸರು ಎರಡನ್ನೂ ಸ್ಪಷ್ಟವಾಗಿ ಹೇಳಿದಳು. ಅವನು ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡು, "ಕತೆ ಚೆನ್ನಾಗೈತಮ್ಮ, ಆದ್ರೆ ಇದ್ರಾಗೆ ಕಳ್ಳನೇ ಇಲ್ವಲ್ಲ, ಯಾರ್ ತಕ್ಕೊಂತಾರೆ?" ಎಂದು ನಿಟ್ಟುಸಿರಿಟ್ಟ.

ತಗೊಳ್ಳುವವನು ನಾನಿದ್ದೇನಲ್ಲ ಎಂದುಕೊಂಡು ಮುಂದಿನ ವಾರ ಆಟೋ ಸಮೇತ ಕೋರಮಂಡಲಿಗೆ ಹೋದೆ. ಗಂಬಳಿಯ ಹೂವು ಮೇಲಾಗಿತ್ತು. ಅಕ್ಕಪಕ್ಕದವರು ಮಂಚದ ಸುತ್ತ ಕುಳಿತಿದ್ದರು. ಯಾರಿಗೂ ನಗುವ ಧೈರ್ಯವಿರಲಿಲ್ಲ. ಕುಪ್ಪಮ್ಮ ನನಗೆ ಟೀ ಕೊಟ್ಟಳು.

"ಮಾರ್ಬೇಕಂತಿದ್ದದ್ದು ಮೊಕ ತೋರ್ಸಕ್ಕಾಗ್ದೆ ಸಾರ್. ಇವಾಗ ಯಾಕ್ ಮಾರ್ಲಿ? ಬೇಜಾರ್ ಮಾಡ್ಕೊಬ್ಯಾಡಿ. ಬೇಕಂದ್ರೆ ಬಂದು ಒಂದ್ ಗಳಿಗೆ ಕಾಲಿಟ್ಕೊಂಡ್ ಓಗಿ."

ಹೀಗೆ ನನ್ನ ಸಂಶೋಧನೆ ನನ್ನ ಖರೀದಿಯನ್ನು ಮುಗಿಸಿತು. ಬೇರೆಯವರ ಗಂಬಳಿಯ ಮೇಲೆ ಕಾಲಿಟ್ಟು ಕುಳಿತು ಟೀ ಕುಡಿದೆ. ಬೆಚ್ಚಗಿತ್ತು.

ರೈಲಿನಲ್ಲಿ ಹಳೆಯ ಕಥೆ ಇನ್ನೂ ಓಡಾಡುತ್ತಿದೆ. ನನ್ನ ತಿದ್ದುಪಡಿಯನ್ನು ಯಾರೂ ನಂಬುವುದಿಲ್ಲ. ನಂಬಬೇಕೆಂದು ನಾನೂ ಕೇಳುವುದಿಲ್ಲ, ನೋಡಬೇಕೆಂದು ಮಾತ್ರ ಕೇಳುತ್ತೇನೆ. ದೊಡ್ಡ ಬಂಗಲೆಯ ಮುಂಬಾಗಿಲಿನಿಂದ ಒಳಗೆ ಹೋಗಿ, ಬೆಂಕಿಗೂಡಿನ ಎಡಮೂಲೆಯಲ್ಲಿ ಲಿನೋಲಿಯಂ ಎತ್ತಿ ನೋಡಬಹುದು. ಕಾವಲುಗಾರ ಊಟಕ್ಕೆ ಹೋಗುವ ಮೊದಲು ಕೇಳಿದರೆ ಬೇಡವೆನ್ನುವುದಿಲ್ಲ. ನೋಡಿದ ಮೇಲೆ ಮೊದಲಿನಂತೆಯೇ ಮುಚ್ಚಿ ಬರಬೇಕೆಂಬುದು ಅವನ ಒಂದೇ ಷರತ್ತು. ತೆರೆದಿಟ್ಟರೆ ಯಾರಾದರೂ ಕದ್ದುಕೊಂಡು ಹೋದಾರೆಂದು ಅವನಿಗೆ ಭಯ.